ಸಿಪ್ಪೆಗೆ ಕಾಲಂ ಇರಲಿಲ್ಲ

"ಬಾಯಿ ತೆಗಿ. ಇನ್ನೂ ಅಗಲಕ್ಕೆ. ಏನು, ಗಂಡ ಮುತ್ತು ಕೊಡ್ತಾನೆ ಅಂತ ತೆಗೀತಿದ್ದೀಯಾ? ಆ ಅನ್ನು."

ಎಡಚಿ ಆ ಅಂದಳು. ಗೇಟಿನವಳ ಟಾರ್ಚಿನ ಬೆಳಕು ಅವಳ ನಾಲಿಗೆಯ ಮೇಲೆ ಬಿತ್ತು, ಎಡದವಡೆಯನ್ನು ತಡಕಿತು, ಬಲದವಡೆಗೆ ಹೊರಳಿತು. ಬಾಯೊಳಗೆ ಯಾರೋ ಕಾಲಿಟ್ಟು ನಡೆದಾಡಿದ ಹಾಗಾಯಿತು.

"ನಾಲಿಗೆ ಎತ್ತು."

ಎತ್ತಿದಳು.

"ಹಲ್ಲಿನ ಸಂದಿ ನೋಡು," ಎಂದ ಹಿಂದೆ ನಿಂತಿದ್ದ ಮ್ಯಾನೇಜರ್. "ಕೆಂಪಗೆ ಒಂದು ಎಳೆ ಕಂಡ್ರೂ ಹೇಳು. ಈ ಮುಂಡೇರು ಇಲಿಗಿಂತ ಕಡೆ. ಇಲಿಯಾದ್ರೂ ತಿಂದಲ್ಲಿ ಹಿಕ್ಕೆ ಬಿಟ್ಟು ಹೋಗ್ತದೆ."

ಅವನಿಗೆ ಹೆಂಗಸರು ತಕ್ಕಡಿ ಎಂದು ಹೆಸರಿಟ್ಟಿದ್ದರು. ಶೆಡ್ಡಿನೊಳಗೆ ಬರುವ ಕ್ಯಾರೆಟ್ಟನ್ನು ಅವನು ತೂಗುತ್ತಿದ್ದ. ಸಿಪ್ಪೆ ಹೆರೆದ ಕ್ಯಾರೆಟ್ಟನ್ನು ತೂಗುತ್ತಿದ್ದ. ಸಿಪ್ಪೆ ತುಂಬಿದ ಪೀಪಾಯಿಗಳನ್ನೂ ತೂಗುತ್ತಿದ್ದ. ಬಂದದ್ದಕ್ಕೂ ಹೋದದ್ದಕ್ಕೂ ಒಂದು ದಿನವೂ ತಾಳೆಯಾಗುತ್ತಿರಲಿಲ್ಲ. ಕಳೆದುಹೋದ ಆ ತೂಕವನ್ನು ಹುಡುಕಲು ಅವನು ಪ್ರತಿದಿನ ಸಂಜೆ ಗೇಟಿಗೆ ಬಂದು ಹೆಂಗಸರ ಬಾಯಿ ತೆಗೆಸುತ್ತಿದ್ದ.

ಏನೂ ಸಿಗಲಿಲ್ಲ. ಸಿಗುವುದೂ ಇಲ್ಲ. ಕೆಲಸ ಬಿಡುವ ಮುಂಚಿನ ಅರ್ಧ ಗಂಟೆ ಯಾರೂ ಬಾಯಾಡಿಸುವ ಹಾಗಿಲ್ಲ, ನಲ್ಲಿಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸದೆ ಗೇಟಿಗೆ ಬರುವ ಹಾಗಿಲ್ಲ. ಇದು ಯಾರೂ ಯಾರಿಗೂ ಹೇಳಿಕೊಡದ, ಎಲ್ಲರಿಗೂ ಗೊತ್ತಿದ್ದ ಕಟ್ಟಳೆ.

ಎಡಚಿಯ ಹಿಂದಿದ್ದವಳು ಗಂಟಲಕ್ಕ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು; ಪಿಸುಗುಟ್ಟಿದರೂ ಬೀದಿಗೆ ಕೇಳಿಸುವ ದನಿ. ಅವಳು ಕೇಳುವ ಮೊದಲೇ ಬಾಯಿ ತೆರೆದು ನಿಂತಳು.

"ನೋಡಮ್ಮ ತಾಯಿ, ಕಣ್ತುಂಬಾ ನೋಡು. ಹಲ್ಲು ಒಂದೂ ಇಲ್ಲ. ಮುಂದಿಂದ ಬೆಳಕು ಬಿಟ್ರೆ ಹಿಂದಿಂದ ಆಚೆ ಬರ್ತದೆ. ಸಾರ್, ನೀವು ಆ ಕಡೆ ಬಂದು ನಿಂತ್ಕೊಳ್ಳಿ, ಕಂಡ್ರೆ ಹೇಳಿ."

ಸಾಲಿನಲ್ಲಿ ನಗು ಹರಿದು ಸತ್ತಿತು. ತಕ್ಕಡಿ ಉಗುಳಿದ. ಅದು ಗಂಟಲಕ್ಕನ ಕಾಲ ಹತ್ತಿರ ಬಿತ್ತು.

ಗೇಟಿನಾಚೆ ಗೋಡೆಗೊರಗಿ ಅತ್ತೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಎಂಟು ತಿಂಗಳ ಹೆಣ್ಣು. ಎಡಚಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮೊಲೆ ಕೊಟ್ಟಳು. ಕೂಸು ಚೀಪುವಾಗ ಅವಳ ಹೊಟ್ಟೆಯೊಳಗಿನದೆಲ್ಲ ಹಗ್ಗ ಕಟ್ಟಿ ಎಳೆದಂತೆ ಮೇಲಕ್ಕೆ ಬರುತ್ತಿತ್ತು.

*

ಶೆಡ್ಡಿನ ನಡುವೆ ಉದ್ದನೆಯ ಸ್ಟೀಲ್ ಮೇಜು, ಅದರ ಎರಡೂ ಬದಿಗೆ ನಲವತ್ತೊಂದು ಹೆಂಗಸರು. ತಣ್ಣೀರಲ್ಲಿ ನೆನೆದ ಕ್ಯಾರೆಟ್ ಕ್ರೇಟಿನಿಂದ ಮೇಜಿಗೆ ಸುರಿಯುತ್ತದೆ, ಹೆರೆದದ್ದು ಬುಟ್ಟಿಗೆ ಬೀಳುತ್ತದೆ. ಎಡಗೈಯಲ್ಲಿ ಹೆರೆಯುವ ಎಡಚಿಯ ಮೊಣಕೈ ಪಕ್ಕದವಳಿಗೆ ತಾಗುತ್ತದೆಂದು ಅವಳನ್ನು ಮೇಜಿನ ತುದಿಗೆ, ಸಿಪ್ಪೆಯ ಪೀಪಾಯಿಯ ಪಕ್ಕಕ್ಕೆ ನಿಲ್ಲಿಸಿದ್ದರು. ಎಲ್ಲರ ಬಾಯಿಗೂ ಬಟ್ಟೆ. ಇವರ ಎಂಜಲು ಕ್ಯಾರೆಟ್ಟಿಗೆ ತಾಗಬಾರದೆಂದು ತಕ್ಕಡಿಯೇ ಕಟ್ಟಿಸಿದ್ದು. ಅದರ ಹಿಂದೆ ಯಾರು ಏನು ಅಗಿಯುತ್ತಾರೆಂದು ಕಾಣುವುದಿಲ್ಲ ಎಂಬುದು ಅವನಿಗೆ ಹೊಳೆದಿರಲಿಲ್ಲ.

ಬಾಣಂತಿಯಾಗಿ ನಲವತ್ತನೇ ದಿನಕ್ಕೆ ಅವಳು ಕೆಲಸಕ್ಕೆ ಮರಳಿದ್ದಳು. ಮೆಸ್ಸಿನಲ್ಲಿ ಕೊಡುತ್ತಿದ್ದದ್ದು ಗಂಜಿ. ಬಟ್ಟಲಿನ ತಳ ಕಾಣುವಷ್ಟು ತಿಳಿ. ಹತ್ತು ಗಂಟೆಗೆಲ್ಲ ಕಣ್ಣು ಕತ್ತಲೆ ಬರುತ್ತಿತ್ತು. ಒಂದು ದಿನ ಸಿಡಿದ ಸಿಪ್ಪೆಯೊಂದು ಬಟ್ಟೆಯ ಅಂಚಿನಲ್ಲಿ ಸಿಕ್ಕಿಕೊಂಡು ತುಟಿಗೆ ತಾಗಿತು. ನಾಲಿಗೆ ಅದನ್ನು ಒಳಗೆಳೆದುಕೊಂಡಿತು. ಯಾರೂ ನೋಡಲಿಲ್ಲ. ಮಾರನೆಯ ದಿನ ಕೈ ಕೂಡ ಸಹಾಯ ಮಾಡಿತು. ಮಣ್ಣಿನ ವಾಸನೆ, ಸ್ವಲ್ಪ ಕಹಿ, ಹಿಂದಿನಿಂದ ಸಣ್ಣಗೆ ಸಿಹಿ. ಹೊಟ್ಟೆಗೆ ಏನೋ ಬಿದ್ದಿತಲ್ಲ, ಅಷ್ಟು ಸಾಕು.

ಆದರೆ ಅವಳು ಒಂದು ಗೆರೆ ಎಳೆದುಕೊಂಡಿದ್ದಳು. ಕ್ಯಾರೆಟ್ಟನ್ನು ಮುಟ್ಟಬಾರದು. ಕ್ಯಾರೆಟ್ ಮಾಲು, ಅದು ಧಣಿಯದು, ಮುಟ್ಟಿದರೆ ಕಳ್ಳತನ. ಸಿಪ್ಪೆ ಸಿಪ್ಪೆ. ಬಾಯಿ ಎಷ್ಟೇ ನೀರೂರಿದರೂ ಕೆಂಪಗೆ ಹೆರೆದಿಟ್ಟ ಒಂದು ಕ್ಯಾರೆಟ್ಟಿನ ತುದಿಯನ್ನೂ ಅವಳು ಕಚ್ಚಿರಲಿಲ್ಲ. ಈ ಗೆರೆಯನ್ನು ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ.

*

"ನಾಳೆ ಡಾಕ್ಟ್ರು ಬರ್ತಾರೆ," ಎಂದು ತಕ್ಕಡಿ ಎಲ್ಲರನ್ನೂ ಮೆಸ್ಸಿನಲ್ಲಿ ಕೂರಿಸಿ ಹೇಳಿದ. "ಏನು ತಿಂತೀರಿ ಅಂತ ಕೇಳ್ತಾರೆ. ತರಕಾರಿ ಕೊಡ್ತಾರಾ ಅಂದ್ರೆ ದಿನಾ ಅನ್ನಿ. ಹಾಲು? ದಿನಾ. ಹಣ್ಣು?"

"ದಿನಾ," ಎಂದಿತು ಮೇಳ.

"ಹಣ್ಣು ಅಂದ್ರೆ ಯಾವುದು ಸಾರ್?" ಗಂಟಲಕ್ಕ ಕೇಳಿದಳು. "ಒಂದು ಸಲ ತೋರಿಸಿಬಿಡಿ, ನಾಳೆ ಗುರುತು ಹೇಳಕ್ಕೆ ಅನುಕೂಲ ಆಗ್ತದೆ."

"ಮುಚ್ಚೇ ಮುದುಕಿ. ಡಾಕ್ಟ್ರು ಒಪ್ಪಿ ಕ್ಯಾರೆಟ್ ಚೀಲದ ಮೇಲೆ 'ನಮ್ಮ ಕೆಲಸಗಾರರು ಚೆನ್ನಾಗಿ ಉಣ್ಣುತ್ತಾರೆ' ಅಂತ ಮುದ್ರೆ ಬೀಳ್ಬೇಕು. ಧಣಿಗಳಿಗೆ ಆ ಮುದ್ರೆ ಬೇಕು. ಅದು ಬೀಳದೇ ಹೋದ್ರೆ ನಿಮ್ಮ ಬೆನ್ನ ಮೇಲೆ ನಾನು ಬೇರೆ ಮುದ್ರೆ ಒತ್ತುತೀನಿ."

ಡಾಕ್ಟರಮ್ಮ ಬಂದಳು. ಬಿಳಿ ಕೋಟು, ಕನ್ನಡಕ, ನೋಯಿಸದ ಮಾತು. ಪ್ಯಾಕಿಂಗ್ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಅಕ್ಕಿ ಡಬ್ಬಿಯಷ್ಟು ದೊಡ್ಡ ತಿರುಗುವ ಯಂತ್ರ. ಜೊತೆಗೆ ಒಬ್ಬ ನರ್ಸು.

"ಭಯ ಬೇಡ," ಎಂದಳು ಡಾಕ್ಟರಮ್ಮ. "ಜನ ತಿನ್ನೋದಕ್ಕೂ, ತಿಂತೀವಿ ಅಂತ ಹೇಳೋದಕ್ಕೂ ಯಾವಾಗಲೂ ವ್ಯತ್ಯಾಸ ಇರುತ್ತೆ. ಕೆಲವರು ಮರೀತಾರೆ, ಕೆಲವರು ನಾಚ್ಕೋತಾರೆ. ಅದಕ್ಕೇ ರಕ್ತ ನೋಡೋದು. ಸೊಪ್ಪು ತಿಂದಿದ್ರೆ ಅದರ ಗುರುತು ರಕ್ತದಲ್ಲಿ ಇರುತ್ತೆ, ಮೀನು ತಿಂದಿದ್ರೆ ಮೀನಿಂದು, ಹಾಲು ಕುಡಿದಿದ್ರೆ ಹಾಲಿಂದು. ಬಾಯಿ ಸುಳ್ಳು ಹೇಳಬಹುದು, ರಕ್ತ ಹೇಳಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ತಕ್ಕಡಿ ಕಿವಿ ನಿಮಿರಿಸಿದ.

"ಹೆಸರು ಬರ್ಕೊಳ್ಳಲ್ಲ. ನಂಬರ್ ಮಾತ್ರ. ಯಾರದು ಯಾವುದು ಅಂತ ಹೊರಗಿನವರಿಗೆ ಗೊತ್ತಾಗಲ್ಲ."

ನರ್ಸು ಎಡಚಿಯ ಎದೆಯ ಮೇಲಿನ ಬಿಲ್ಲೆ ನೋಡಿ ಬರೆದುಕೊಂಡಳು: ಮೂವತ್ತೇಳು. ಬಿಲ್ಲೆಯ ಮೇಲಿದ್ದ ನಂಬರೇ ಕೈಗೆ ಹತ್ತಿರವಿತ್ತು, ಬೇರೆ ಕೊಡುವ ಶ್ರಮ ಯಾಕೆ.

"ಹಾಲು?"

"ದಿನಾ."

"ಹಣ್ಣು?"

"ದಿನಾ."

"ಕ್ಯಾರೆಟ್? ವಾರಕ್ಕೆ ಎಷ್ಟು ಸಲ?"

ಎಡಚಿ ಬಾಗಿಲ ಕಡೆ ನೋಡಿದಳು. ಇದನ್ನು ತಕ್ಕಡಿ ಹೇಳಿಕೊಟ್ಟಿರಲಿಲ್ಲ. ಈ ಶೆಡ್ಡಿನಲ್ಲಿ ನಿಂತು ಕ್ಯಾರೆಟ್ ತಿನ್ನುತ್ತೇನೆ ಎಂದರೆ ಎಲ್ಲಿಂದ ತಂದೆ ಎನ್ನುತ್ತಾರೆ. ಅಲ್ಲದೆ ತಿಂದಿರಲೂ ಇಲ್ಲ.

"ತಿನ್ನಲ್ಲ."

"ಒಂದೂ?"

"ಇಲ್ಲೀವರೆಗೂ ಒಂದೂ ತಿಂದಿಲ್ಲ."

ಡಾಕ್ಟರಮ್ಮ ಸೊನ್ನೆ ಬರೆದಳು. ಆ ಕಾಗದದಲ್ಲಿ ಎಡಚಿ ಹೇಳಿದ ನಿಜ ಅದೊಂದೇ.

"ಯಾವ ಕೈಯಿಂದ ತೆಗೀಲಿ?" ನರ್ಸು ಕೇಳಿದಳು.

"ಬಲಗೈ. ಎಡಗೈ ಕೆಲಸಕ್ಕೆ ಬೇಕು."

ಯಂತ್ರ ಗುಂಯ್ಗುಟ್ಟಿ ತಿರುಗಿತು, ನಿಂತಿತು. ನರ್ಸು ಗಾಜಿನ ಕೊಳವೆಗಳನ್ನು ಒಂದೊಂದಾಗಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದಳು. ರಕ್ತ ಒಡೆದಿತ್ತು, ಕೆಳಗೆ ಕಪ್ಪುಗೆಂಪು, ಮೇಲೆ ತಿಳಿ. ಹೆಚ್ಚಿನವರ ತಿಳಿ ಮೆಸ್ಸಿನ ಗಂಜಿಯ ಹಾಗೆ, ಬಣ್ಣವಿಲ್ಲದ್ದು. ನಡುನಡುವೆ ಕೆಲವು ಹಳದಿ. ಒಂದಂತೂ ದೀಪ ಹಚ್ಚಿಟ್ಟ ಹಾಗೆ ಉರಿಯುತ್ತಿತ್ತು. ಡಾಕ್ಟರಮ್ಮ ಅದನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು.

"ಆಹಾ, ನೋಡಿ ಸಿಸ್ಟರ್, ಎಷ್ಟು ಚೆಂದದ ಬಣ್ಣ! ಇದು ಕ್ಯಾರೆಟ್ಟಿಂದೇ. ಯಾರದಿದು? ಮೂವತ್ತೇಳು. ಆದ್ರೆ ಇವರು ಸೊನ್ನೆ ಅಂದಿದ್ದಾರಲ್ಲ..."

ಬಾಗಿಲಲ್ಲಿ ತಕ್ಕಡಿಯ ಕತ್ತು ನಿಧಾನವಾಗಿ ತಿರುಗಿತು. ಹತ್ತು ವರ್ಷ ಹುಡುಕಿದ ತೂಕ ಅವನಿಗೆ ಗಾಜಿನ ಕೊಳವೆಯಲ್ಲಿ ಸಿಕ್ಕಿತ್ತು.

*

ಅಂದಿನಿಂದ ಎಡಚಿ ಬಾಗಿಲು ಸದ್ದಾದರೆ ತಿರುಗುತ್ತಿದ್ದಳು. ಹೆರೆದ ಸಿಪ್ಪೆ ದಪ್ಪ ಬಂದು ಬೈಸಿಕೊಂಡಳು, ಎರಡು ಸಲ ಬೆರಳು ಕೊಯ್ದುಕೊಂಡಳು. ಹನಿದ ರಕ್ತವನ್ನು ನೋಡಿ, ಇದರಲ್ಲಿ ಇನ್ನೇನೇನು ಬರೆದಿದೆಯೋ ಎಂದು ಏಪ್ರನ್ನಿಗೆ ಒರೆಸಿಕೊಂಡಳು. ಎಂದೋ ಬಾಲ್ಯದಲ್ಲಿ ಪಕ್ಕದ ಮನೆಯ ಸಕ್ಕರೆ ನೆಕ್ಕಿದ್ದು, ಹಸಿದು ಕೂಸಿನ ಪಾಲಿನ ಹಾಲಲ್ಲಿ ಒಂದು ಗುಟುಕು ಕುಡಿದು ನೀರು ಬೆರೆಸಿದ್ದು, ಅದೂ ಗೊತ್ತಾಗುತ್ತದೆಯೇ? ಮನುಷ್ಯರಿಗೆ ಬಾಯಿ ಮುಚ್ಚಿಕೊಳ್ಳಲು ಬರುತ್ತದೆ. ನರಕ್ಕೆ ಯಾವ ಬಟ್ಟೆ ಕಟ್ಟುವುದು?

"ಅಂಗೈ ಯಾಕೆ ಬಚ್ಚಿಡ್ತೀಯೇ?" ಎಂದಳು ಅತ್ತೆ ಮನೆಯಲ್ಲಿ. "ತೋರಿಸು."

ಎಡಚಿ ಅಂಗೈ ಬಿಡಿಸಿದಳು. ಗೆರೆಗಳ ನಡುವೆ ಅರಿಶಿನ ಸವರಿದ ಹಾಗಿತ್ತು.

"ನಂಗೂ ಹಿಂಗೇ ಇತ್ತು," ಎಂದಳು ಅತ್ತೆ, ಮಡಚಲಾಗದ ತನ್ನ ಬೆರಳುಗಳನ್ನು ಪಕ್ಕದಲ್ಲಿ ಹಿಡಿದು. ಆ ಬೆರಳುಗಳು ಹದಿನೆಂಟು ವರ್ಷ ಅದೇ ತಣ್ಣೀರಿನಲ್ಲಿ ಆಡಿದ್ದವು. "ಕೆಲಸ ಬಿಟ್ಟು ಎರಡು ತಿಂಗಳಿಗೆ ಹೋಯ್ತು. ನಿನ್ ಗಂಡನ್ನ ಹೊಟ್ಟೇಲಿ ಹೊತ್ಕೊಂಡಾಗ ಅದನ್ನೇ ತಿಂದಿದ್ದು. ನೀನು ಬಂದ ಮೇಲೆ ಹೇಳ್ಬೇಕು ಅಂದ್ಕೊಂಡೆ. ಏನಂತ ಹೇಳೋದು, ಸೊಸೆಗೆ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕೂಸು ನಡುವೆ ಮಲಗಿ ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗಿಟ್ಟುಕೊಳ್ಳಲು ಹೆಣಗುತ್ತಿತ್ತು.

*

ಹತ್ತನೆಯ ದಿನ ತಕ್ಕಡಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದ. ಕೈಯಲ್ಲಿ ಕಾಗದ. ನಂಬರ್ ಕೂಗಿದ. ಕೂಗಿದವರೆಲ್ಲ ಎಡಕ್ಕೆ; ಎಂಟು ಮಂದಿ. ಮೊದಲ ನಂಬರೇ ಮೂವತ್ತೇಳು. ಉಳಿದ ಮೂವತ್ತಮೂರು ಜನ ಬಲಕ್ಕೆ.

"ಇವರನ್ನ ನೋಡಿ," ಎಂದು ಬಲಗಡೆಯವರಿಗೆ ಕೈ ತೋರಿಸಿದ. "ಕ್ಯಾರೆಟ್ ಬೆಟ್ಟದ ಮಧ್ಯೆ ನಿಂತ್ಕೊಂಡೂ ಒಂದು ಚೂರು ಮುಟ್ಟಿಲ್ಲ. ಡಾಕ್ಟ್ರು ಬರೆದಿದ್ದಾರೆ, ಇವರ ರಕ್ತದಲ್ಲಿ ಏನೂ ಇಲ್ಲ, ಶುದ್ಧ ಖಾಲಿ ಅಂತ. ನಿಯತ್ತಿನ ರಕ್ತ ಅಂದ್ರೆ ಇದು! ಚಪ್ಪಾಳೆ ಹೊಡೀರಿ."

ಎಡಗಡೆಯ ಎಂಟು ಜನ ಚಪ್ಪಾಳೆ ಹೊಡೆಯಬೇಕಾಯಿತು. ಮೂವತ್ತಮೂರು ಜನಕ್ಕೂ ಒಂದೊಂದು ಟವೆಲ್ ಕೊಟ್ಟ. ಗಂಟಲಕ್ಕ ತನ್ನದನ್ನು ಹೆಗಲ ಮೇಲೆ ಹಾಕಿಕೊಂಡು ನೆಲ ನೋಡುತ್ತ ನಿಂತಳು. ಅವಳು ಮಾತಾಡದೆ ಇದ್ದದ್ದನ್ನು ಶೆಡ್ಡು ಮೊದಲ ಸಲ ಕಂಡಿತು.

ಆಮೇಲೆ ಎಂಟು ಜನರನ್ನು ತೂಕದ ಕೋಣೆಗೆ ಕರೆದ.

"ಅಂಗೈ ತೋರಿಸೇ, ಮೂವತ್ತೇಳು."

ತೋರಿಸಿದಳು.

"ಎಷ್ಟು ತಿಂದೆ? ಎಷ್ಟು ದಿನದಿಂದ? ಡಾಕ್ಟ್ರ ಹತ್ರ ಸೊನ್ನೆ ಅಂದ್ಯಂತೆ. ಬಾಯಿ ಬಿಟ್ರೆ ಬರೀ ಸುಳ್ಳು."

"ಸುಳ್ಳಲ್ಲ ಸಾರ್. ಕ್ಯಾರೆಟ್ ಮುಟ್ಟಿಲ್ಲ. ಸಿಪ್ಪೆ."

"ಏನು?"

"ಸಿಪ್ಪೆ ತಿಂದೆ. ಪೀಪಾಯಿಗೆ ಹಾಕೋದು."

ತಕ್ಕಡಿ ಒಂದು ಕ್ಷಣ ಅವಳನ್ನೇ ನೋಡಿ ಹೊಟ್ಟೆ ಕುಣಿಸಿ ನಕ್ಕ.

"ಕಳ್ಳಿ ಯಾವತ್ತು ತಿರುಳು ತಿಂದೆ ಅಂದಿದ್ದಾಳೆ? ಸರಿ, ಸಿಪ್ಪೇನೇ ಅಂದ್ಕೋ. ಸಿಪ್ಪೆ ಏನು ನಿಮ್ಮಪ್ಪನ ಮನೇದಾ? ಎಮ್ಮೆ ಕೊಟ್ಟಿಗೆಗೆ ಹೋಗೋ ಮಾಲು ಅದು. ಎಮ್ಮೆ ಬಾಯಿಂದ ಕಿತ್ಕೊಂಡು ತಿಂದೆ ಅಂತ ಹೇಳ್ಕೊಳ್ಳೋಕೆ ನಾಚ್ಕೆ ಆಗಲ್ವೇನೇ, ಹಡಬೆ? ಎಮ್ಮೆಯಾದ್ರೂ ಹಾಲು ಕೊಡ್ತದೆ."

"ನಾನೂ ಕೊಡ್ತೀನಿ ಸಾರ್," ಎಂದಳು ಎಡಚಿ. ಅದು ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ. ಅವಳ ಅಂಗಿಯ ಮುಂಭಾಗ ಆಗಲೇ ಒದ್ದೆಯಾಗಿತ್ತು. ಹಾಲೂಡುವ ಹೊತ್ತು ಮೀರಿತ್ತು.

ಅವನು ಆ ಒದ್ದೆಯನ್ನು ನೋಡಿದ. ನೋಡುತ್ತಲೇ ಹೇಳಿದ:

"ಮೂರು ವಾರಕ್ಕೆ ಎಲ್ಲಾರ ರಕ್ತಾನೂ ಇನ್ನೊಂದು ಸಲ ತೆಗೆಸ್ತೀನಿ. ನಿಮ್ಮ ಬಣ್ಣ ಇಳಿದಿದ್ರೆ ಇಷ್ಟು ದಿನ ಕದ್ದಿದ್ದು ಖಾತ್ರಿ. ಇಳೀದೇ ಇದ್ರೆ ಇನ್ನೂ ಕದೀತಿದ್ದೀರಿ ಅನ್ನೋದು ಖಾತ್ರಿ. ಅಷ್ಟರಲ್ಲಿ ಹೊಸಬರು ಎಂಟು ಜನ ಬರ್ತಾರೆ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ಹೆರೀರಿ. ಆಮೇಲೆ ನಿಮ್ಮ ಫೋಟೋ ಸುತ್ತಲಿನ ಶೆಡ್ಡುಗಳಿಗೆಲ್ಲ ಹೋಗ್ತದೆ. ಕಳ್ಳಿ ಅಂತ ಬರೆದೇ ಕಳಿಸ್ತೀನಿ."

ಸುತ್ತಲೂ ಇದ್ದದ್ದು ಶೆಡ್ಡುಗಳೇ. ಬೇರೆ ಕೆಲಸ ಆ ಸೀಮೆಯಲ್ಲಿ ಇರಲಿಲ್ಲ.

*

ರಜೆಯ ದಿನ ಎಡಚಿ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಡಾಕ್ಟರಮ್ಮನ ಆಫೀಸು ಹುಡುಕಿಕೊಂಡು ಹೋದಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸುತ್ತಿದ್ದಳು, ಕೆಡವುತ್ತಿದ್ದಳು. ಒಂದು ಮಾತು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

"ನಾನು ಯಾರ ಹೆಸರೂ ಕೊಟ್ಟಿಲ್ಲ," ಎಂದಳು ಡಾಕ್ಟರಮ್ಮ ಗಾಬರಿಯಿಂದ. "ಪಟ್ಟೀಲಿ ಇದ್ದದ್ದು ನಂಬರ್ ಮಾತ್ರ."

ಎಡಚಿ ಬಿಲ್ಲೆಯನ್ನು ಅಂಗಿಯಿಂದ ಬಿಚ್ಚಿ ಮೇಜಿನ ಮೇಲಿಟ್ಟಳು. ಮೂವತ್ತೇಳು. ಡಾಕ್ಟರಮ್ಮ ಅದನ್ನು ಮುಟ್ಟದೆ ನೋಡಿದಳು. ಕನ್ನಡಕ ತೆಗೆದಳು, ಹಾಕಿಕೊಂಡಳು.

"ನೀವು ಸೊನ್ನೆ ಅಂದ್ರಲ್ಲಮ್ಮ. ಯಾಕೆ ಹಾಗೆ ಹೇಳಿದ್ರಿ?"

"ನೀವು ಕ್ಯಾರೆಟ್ ಕೇಳಿದ್ರಿ. ಸಿಪ್ಪೆ ಕೇಳಲಿಲ್ಲ."

"ಸಿಪ್ಪೆ?"

"ಹೂಂ. ಕೇಳಿದ್ರೆ ಹೇಳ್ತಿದ್ನೋ ಇಲ್ವೋ, ಅದು ಬೇರೆ ಮಾತು. ಆದ್ರೆ ನೀವು ಕೇಳಲಿಲ್ಲ."

ಡಾಕ್ಟರಮ್ಮನ ಕೈ ತಾನಾಗಿಯೇ ಪೆನ್ನು ಹುಡುಕಿತು. ಒಂದು ಚೀಟಿಯಲ್ಲಿ 'ಸಿಪ್ಪೆ' ಎಂದು ಬರೆದು ಅಡಿಗೆರೆ ಎಳೆದಳು. "ಸಿಪ್ಪೆಗೆ ಕಾಲಮ್ಮೇ ಇರಲಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ತಲೆಯೆತ್ತಿ, "ನಾನೇನು ಮಾಡ್ಲಿ? ರಕ್ತಕ್ಕೆ ಸಿಪ್ಪೆ, ತಿರುಳು ಅನ್ನೋ ಭೇದ ಇಲ್ಲಮ್ಮ. ನಿಮ್ಮ ಮ್ಯಾನೇಜರಿಗೆ ಒಂದು ಕಾಗದ ಬರೀಬಹುದು. ಆದ್ರೆ ಅವರು ಕೇಳ್ಬೇಕಲ್ಲ."

"ಬೇರೆಯವರ ರಕ್ತ ಖಾಲಿ ಅಂತ ಬರೆದಿದ್ದೀರಂತೆ. ಟವೆಲ್ ಕೊಟ್ರು, ನಿಯತ್ತು ಅಂತ."

"ಟವೆಲ್?" ಡಾಕ್ಟರಮ್ಮನ ಮುಖ ಬಿಳುಚಿತು. "ಅಯ್ಯೋ, ನಾನು ಬರೆದದ್ದು ಅವರಿಗೆ ಆಹಾರ ಸಾಲ್ತಾ ಇಲ್ಲ ಅಂತ. ತರಕಾರಿ, ಹಾಲು ಏನೂ ಅವರ ಮೈಗೆ ಸೇರ್ತಾ ಇಲ್ಲ. ಅದು ಹಸಿದವರ ರಕ್ತ."

ಕೂಸು ಮೇಜಿನ ಮೇಲಿದ್ದ ಬಿಲ್ಲೆಯನ್ನು ಎಟುಕಿಸಿಕೊಂಡು ಬಾಯಿಗಿಟ್ಟಿತು. ಎಡಚಿ ಅದನ್ನು ಬಿಡಿಸಿಕೊಳ್ಳುತ್ತ, ಮುಖ ನೋಡದೆ ಕೇಳಿದಳು:

"ತಿನ್ನದೇ ಇದ್ದೋರು ಇವತ್ತಿಂದ ತಿಂದ್ರೆ, ಆ ಬಣ್ಣ ಬರೋಕೆ ಎಷ್ಟು ದಿನ ಬೇಕು?"

"ದಿನಾ ತಿಂದ್ರೆ ಎರಡು ಮೂರು ವಾರ. ಜೊತೆಗೆ ಒಂದಿಷ್ಟು ಎಣ್ಣೆ ಸೇರಿದ್ರೆ ಚೆನ್ನಾಗಿ ಹತ್ತುತ್ತೆ. ಬರೀ ಹಸೀದು ಅಷ್ಟಾಗಿ..." ಡಾಕ್ಟರಮ್ಮ ನಿಲ್ಲಿಸಿದಳು. "ಯಾಕೆ ಕೇಳಿದ್ರಿ?"

"ಸುಮ್ನೆ," ಎಂದಳು ಎಡಚಿ.

*

ನಲ್ಲಿಯ ಹತ್ತಿರ ಮಾತು ನಡೆಯಿತು. ಕೈ ತೊಳೆಯಲು ಸಿಗುತ್ತಿದ್ದ ಹೊತ್ತು ಚಿಕ್ಕದು. ಮಾತು ಮೂರು ದಿನ ತುಂಡುತುಂಡಾಗಿ ಹರಿಯಿತು.

"ನಾವ್ಯಾಕೆ ತಲೆ ಕೊಡ್ಬೇಕು?" ಎಂದಳು ಟವೆಲ್ ಸಿಕ್ಕಿದ್ದ ಒಬ್ಬಳು. ಶೆಡ್ಡಿಗೆ ಬಂದು ವರ್ಷವಾಗಿರಲಿಲ್ಲ, ಅವಳಿಗೆ ಹೊಸಬಳು ಎಂದೇ ಹೆಸರು. "ನಮ್ ರಕ್ತ ಚೆನ್ನಾಗಿದೆ ಅಂದಿದ್ದಾರೆ. ತಿಂದೋರು ನೀವು, ಅನುಭವಿಸಿ."

"ಚೆನ್ನಾಗಿದೆ ಅಂದಿಲ್ಲ," ಎಂದಳು ಎಡಚಿ. "ಹಸಿದವರ ರಕ್ತ ಅಂತ ಬರೆದಿದ್ದಾರೆ ಡಾಕ್ಟ್ರು. ಅವನು ಅದಕ್ಕೆ ಟವೆಲ್ ಹೊದಿಸಿದ."

ನಲ್ಲಿ ಸುರಿಯುತ್ತಿತ್ತು. ಯಾರೂ ಅದರ ಕೆಳಗೆ ಕೈ ಇಡಲಿಲ್ಲ.

"ನಾನು ನಿಯತ್ತಿಂದ ಬಿಟ್ಟಿದ್ದೆ ಅಂದ್ಕೊಂಡ್ರೇನ್ರೇ?" ಗಂಟಲಕ್ಕನ ದನಿ ಆ ದಿನ ಎಲ್ಲರ ದನಿಯಷ್ಟೇ ಇತ್ತು. "ಹಲ್ಲಿಲ್ಲ ಕಣ್ರೇ. ಹಲ್ಲಿದ್ದಿದ್ರೆ ಪೀಪಾಯೀನೇ ತಿಂತಿದ್ದೆ. ಆ ಬೋಳಿಮಗ ನನ್ನ ಬೊಚ್ಚು ಬಾಯಿಗೆ ಚಪ್ಪಾಳೆ ಹೊಡೆಸಿದ. ನಾನೂ ನಿಂತ್ಕೊಂಡು ಹೊಡೆಸ್ಕೊಂಡೆ, ಥೂ."

ಹೆಗಲ ಮೇಲಿನ ಟವೆಲ್ಲಿನಲ್ಲಿ ಸೊರ್ರೆಂದು ಮೂಗು ಸೀಟಿದಳು.

"ಎಂಟು ಜನ ಆದ್ರೆ ಕಳ್ಳಿಯರು," ಎಂದಳು ಎಡಚಿ. "ಎಂಟು ಜನಾನ ಅವನು ತರಬಲ್ಲ. ಎಲ್ಲಾರ ರಕ್ತಾನೂ ಹಳದಿ ಆದ್ರೆ, ನಲವತ್ತೊಂದು ಜನಾನ ಎಲ್ಲಿಂದ ತರ್ತಾನೆ?"

"ಎಲ್ಲಾರ್ನೂ ಓಡಿಸಿದ್ರೆ?"

"ಓಡಿಸಬಹುದು. ನಂಗೊತ್ತಿಲ್ಲ. ಗೊತ್ತಿದೆ ಅಂತ ಸುಳ್ಳು ಹೇಳಲ್ಲ."

ಹೊಸಬಳು ಟವೆಲ್ಲಿನಲ್ಲಿ ಕೈ ಒರೆಸಿಕೊಂಡು ಹೋದಳು. ಮಾರನೆಯ ದಿನ ಬರುವಾಗ ಅವಳ ತುಟಿ ಮಿರಿಮಿರಿ ಮಿಂಚುತ್ತಿತ್ತು. ಮನೆಯಿಂದ ಎಣ್ಣೆ ನೆಕ್ಕಿಕೊಂಡೇ ಬಂದಿದ್ದಳು.

ಗೇಟಿನಲ್ಲಿ ಒಳಗೆ ಬರುವವರನ್ನು ಯಾರೂ ತಪಾಸಣೆ ಮಾಡುತ್ತಿರಲಿಲ್ಲ. ಕೆಮ್ಮಿನ ಔಷಧಿಯ ಬಾಟಲಿಯಲ್ಲಿ ಅಡಿಗೆಯ ಎಣ್ಣೆ ಬಂತು. ಮೇಜಿನ ಕೆಳಗಿಂದ ಕೈಗೆ ಕೈ ದಾಟಿತು. ಬೆರಳು ಅದ್ದಬೇಕು, ಬಟ್ಟೆಯ ಹಿಂದೆ ಒರೆಸಿಕೊಳ್ಳಬೇಕು, ಸಿಪ್ಪೆ ಎಳೆದುಕೊಳ್ಳಬೇಕು. ಗಂಟಲಕ್ಕನಿಗೆ ಪಕ್ಕದವಳು ಚಾಕುವಿನ ಬೆನ್ನಿನಿಂದ ಸಿಪ್ಪೆಯನ್ನು ಕೆರೆದು ಕೆರೆದು ಮೆದು ಮಾಡಿ ಕೊಡುತ್ತಿದ್ದಳು.

"ಉಪ್ಪು ಕಡಿಮೆ ಆಗಿದೆ ಕಣೇ," ಎನ್ನುತ್ತಿದ್ದಳು ಗಂಟಲಕ್ಕ, ಒಸಡಿನಲ್ಲಿ ಅರೆಯುತ್ತ. "ನಾಳೆಯಿಂದ ಅಡಿಗೆಯವಳನ್ನ ಬದಲಾಯಿಸ್ತೀನಿ."

ಪೀಪಾಯಿಗಳು ಹಗುರಾದವು. ತಕ್ಕಡಿ ಹುಚ್ಚನ ಹಾಗೆ ಓಡಾಡಿದ. ಎಂಟು ಜನರ ಹಿಂದೆಯೇ ನಿಂತು ಕಾದ. ಆ ಹೊತ್ತಿನಲ್ಲಿ ಎಂಟು ಜನ ಬಾಯಿ ಬಿಗಿಹಿಡಿದು ಹೆರೆದರು, ಮೂವತ್ತಮೂರು ಜನ ಅಗಿದರು.

ಒಂದು ಸಂಜೆ ಹೊಸಬಳು ಬಾಯಿ ಸರಿಯಾಗಿ ಮುಕ್ಕಳಿಸದೆ ಗೇಟಿಗೆ ಬಂದಳು. ಟಾರ್ಚಿನ ಬೆಳಕು ಅವಳ ಕೆಳಗಿನ ದವಡೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಗೇಟಿನವಳೂ ಒಂದು ಕಾಲಕ್ಕೆ ಇದೇ ಮೇಜಿನಲ್ಲಿ ಹೆರೆದವಳು. ಬೆನ್ನು ಸೋತ ಮೇಲೆ ಅವಳ ಕೈಗೆ ಟಾರ್ಚು ಕೊಟ್ಟಿದ್ದರು.

"ಏನು? ಸಿಕ್ತಾ?" ತಕ್ಕಡಿ ಕತ್ತು ಚಾಚಿದ.

ಬೆಳಕು ಇನ್ನೂ ಒಂದು ಕ್ಷಣ ನಿಂತಿತು.

"ಹುಳುಕು ಹಲ್ಲು," ಎಂದಳು ಗೇಟಿನವಳು. "ಮುಂದಿನೋಳು ಬಾ."

*

ಮೂರು ವಾರ ತುಂಬಿದ ಬೆಳಿಗ್ಗೆ ಗೇಟಿನಾಚೆ ಎಂಟು ಜನ ಹೊಸ ಹೆಂಗಸರು ಗಂಟು ಹಿಡಿದುಕೊಂಡು ಕೂತಿದ್ದರು. ಒಬ್ಬಳ ಮಡಿಲಲ್ಲಿ ಕೂಸಿತ್ತು. ಎಡಚಿ ಒಳಗೆ ಹೋಗುವಾಗ ಅವರ ಕಡೆ ನೋಡಬಾರದೆಂದುಕೊಂಡು ನೋಡಿದಳು.

ತಕ್ಕಡಿ ಶೆಡ್ಡಿನೊಳಗೇ, ಎಲ್ಲರ ಮುಂದೆಯೇ ಯಂತ್ರ ಇಡಿಸಿದ್ದ. ಮುದ್ರೆಗೆ ಇನ್ನೊಂದು ಪರೀಕ್ಷೆ ಬೇಕೆಂದು ಡಾಕ್ಟರಮ್ಮನನ್ನೂ ಕರೆಸಿದ್ದ. ಕ್ರೇಟುಗಳ ನಡುವೆ ಹೆಂಗಸರು ಸಾಲಾಗಿ ನಿಂತರು. ನರ್ಸು ಎಂಟು ಜನರದು ಸಾಕೇ ಎಂದಾಗ, "ಎಲ್ಲರದೂ ತೆಗೀರಿ," ಎಂದ. "ಕಳ್ಳಿಯರದ್ದೂ ನಿಯತ್ತಿನೋರದ್ದೂ ಪಕ್ಕಪಕ್ಕ ಇಟ್ಟು ತೋರಿಸ್ಬೇಕು. ಕಣ್ಣಾರೆ ನೋಡಿ ಕಲೀಲಿ."

ಯಂತ್ರ ತಿರುಗಿತು. ಎಡಚಿಯ ಎಡಗೈ ಬೆರಳುಗಳು ಏಪ್ರನ್ನಿನ ದಾರವನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಎಣ್ಣೆ ಸಾಲದೆ ಹೋಗಿದ್ದರೆ? ಯಾರಾದರೂ ಹೆದರಿ, ತಿಂದೆ ಎಂದು ಸುಳ್ಳು ಹೇಳಿದ್ದರೆ?

ನರ್ಸು ಕೊಳವೆಗಳನ್ನು ಸ್ಟ್ಯಾಂಡಿಗೆ ಏರಿಸತೊಡಗಿದಳು. ಮೊದಲನೆಯದು ಹಳದಿ. ಎರಡನೆಯದು ಹಳದಿ. ಮೂರು, ನಾಲ್ಕು. ಕೆಲವು ತೆಳು, ಕೆಲವು ಗಾಢ. ಸಾಲು ಬೆಳೆಯುತ್ತ ಹೋಯಿತು. ಗಂಟಲಕ್ಕನದಂತೂ ಈಗಷ್ಟೇ ಬೆಳಗಾದ ಹಾಗೆ. ಖಾಲಿ ಎಂಬುದು ಒಂದೂ ಇರಲಿಲ್ಲ.

"ಮಿಷನ್ ಕೆಟ್ಟಿದೆ," ಎಂದ ತಕ್ಕಡಿ.

"ಇಲ್ಲ," ಎಂದಳು ಡಾಕ್ಟರಮ್ಮ.

"ಹಾಗಾದ್ರೆ ಎಲ್ಲರೂ ಕಳ್ಳಿಯರು! ನಲವತ್ತೊಂದೂ ಕಳ್ಳ ಮುಂಡೇರು!"

ಮಾತು ತಗಡಿನ ಸೂರಿಗೆ ಬಡಿದು ಕೆಳಗಿಳಿಯಿತು. ಯಾರೂ ಅಲ್ಲಗಳೆಯಲಿಲ್ಲ. ಅವನು ಗೇಟಿನ ಕಡೆ ನೋಡಿದ. ಅಲ್ಲಿ ಕೂತಿದ್ದವರು ಎಂಟೇ ಜನ. ಹಿಂದೆ ಲಾರಿಯಿಂದ ಕ್ಯಾರೆಟ್ ಇಳಿಯುತ್ತಲೇ ಇತ್ತು.

"ಧಣಿಗಳು ಬರ್ಲಿ," ಎಂದ, ಈ ಸಲ ತಗ್ಗಿದ ದನಿಯಲ್ಲಿ. "ಎಲ್ಲಾರ್ನೂ ಪೊಲೀಸಿಗೆ ಕೊಡಿಸ್ತೀನಿ."

ಡಾಕ್ಟರಮ್ಮ ಅವನ ಕಡೆ ನೋಡಲಿಲ್ಲ. ಚೀಲದಿಂದ ಹೊಸ ಕಾಗದ ತೆಗೆದು ಎಡಚಿಯ ಮುಂದೆ ನಿಂತಳು. ಪೆನ್ನಿನ ಮುಚ್ಚಳ ತೆಗೆದಳು.

"ಈ ಸಲ ಸಿಪ್ಪೆಗೂ ಒಂದು ಕಾಲಂ ಹಾಕಿದ್ದೀನಮ್ಮ. ನಂಬರೂ ಬೇರೆ ಕೊಡ್ತೀನಿ. ಹೇಳಿ, ಸಿಪ್ಪೆ ವಾರಕ್ಕೆ ಎಷ್ಟು ಸಲ?"

ಎಡಚಿ ಕಾಗದ ನೋಡಿದಳು. ಕೊನೆಯ ಸಾಲಿನಲ್ಲಿ ಹೊಸ ಶಾಯಿಯಲ್ಲಿ ಬರೆದ 'ಸಿಪ್ಪೆ'. ಅದರ ಮುಂದೆ ಅವಳಿಗಾಗಿ ಒಂದು ಖಾಲಿ ಚೌಕ.

ಬಾಯಿಯ ಬಟ್ಟೆ ಬಿಚ್ಚಿದಳು. ಪಕ್ಕದ ಬುಟ್ಟಿಗೆ ಕೈ ಹಾಕಿ ಹೆರೆದ ಕ್ಯಾರೆಟ್ ಒಂದನ್ನು ತೆಗೆದಳು. ನೀರು ತೊಟ್ಟಿಕ್ಕುತ್ತಿದ್ದ, ನೆಟ್ಟಗಿನ, ಒಳ್ಳೆಯ ಕ್ಯಾರೆಟ್. ಎಡಗೈಯಲ್ಲಿ ಹಿಡಿದು ಕಚ್ಚಿದಳು. ಅದರ ಸದ್ದು ಇಡೀ ಶೆಡ್ಡಿಗೆ ಕೇಳಿಸಿತು. ಇಷ್ಟು ಸಿಹಿ ಇರುತ್ತದೆಂದು ಅವಳು ಅಂದುಕೊಂಡಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಸಿಟ್ಟಿನಿಂದ.

"ಏಯ್!" ಎಂದು ತಕ್ಕಡಿ ಕ್ರೇಟುಗಳನ್ನು ಒದೆಯುತ್ತ ಬಂದ. "ಇಡೇ ಕೆಳಗೆ! ಇಡೇ!"

"ಕೊನೇ ಸಾಲು ಬಿಡಿ ಡಾಕ್ಟ್ರೇ," ಎಂದಳು ಎಡಚಿ, ತುಂಬಿದ ಬಾಯಲ್ಲಿ. "ಮೇಲಿನ ಸಾಲು ಕೇಳಿ. ಅವತ್ತು ಕೇಳಿದ್ರಲ್ಲ."

"ಕ್ಯಾರೆಟ್?" ಎಂದಳು ಡಾಕ್ಟರಮ್ಮ, ಪಿಸುದನಿಯಲ್ಲಿ.

"ಹೂಂ. ಅವತ್ತಿನ ಸೊನ್ನೆ ಹೊಡೆದ್ಹಾಕಿ. ಒಂದು ಅಂತ ಬರ್ಕೊಳ್ಳಿ."

ಹಿಂದಿನ ಸಾಲಿನಲ್ಲಿ ಇನ್ನೊಂದು ಬುಟ್ಟಿ ಸದ್ದಾಯಿತು. ತಕ್ಕಡಿಯ ಕೈ ಮೇಲೆದ್ದಿತ್ತು. ಎಡಚಿ ಎರಡನೆಯ ಸಲ ಕಚ್ಚಿದಳು.